‘ವಿಲೇವಾರಿ ಮಾಡಲಾಗಿದೆ’ ಎಂದು ಬರೆಯುವ ಕೈಗಳಿಗೆ ಒಂದು ಬಹಿರಂಗ ಪತ್ರ

ಶಿವಮೊಗ್ಗದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಮತ್ತು ಜಿಲ್ಲೆಯ ಏಳೂ ತಾಲ್ಲೂಕುಗಳ ಕಚೇರಿಗಳಲ್ಲಿ ಕೂತು ಜನರಿಗೆ ಕಾಗದ ಬರೆಯುವ ನೌಕರ ಬಂಧುಗಳಿಗೆ,

ನಮಸ್ಕಾರ.

ನಾನು ಮಲೆನಾಡಿನ ಒಂದು ಸಣ್ಣ ಹಳ್ಳಿಯವನು. ಮೂವತ್ತೊಂದು ವರ್ಷ ಪತ್ತಿನ ಸಹಕಾರ ಸಂಘದಲ್ಲಿ ಕೆಲಸ ಮಾಡಿದೆ. ನಮ್ಮ ಕಡೆ ಅದನ್ನು ಸೊಸೈಟಿ ಅಂತಲೇ ಹೇಳುವುದು. ಗುಮಾಸ್ತನಾಗಿ ಸೇರಿದವನು ಕಾರ್ಯದರ್ಶಿಯಾಗಿ ನಿವೃತ್ತನಾದೆ. ಈಗ ಇರುವಷ್ಟು ಅಡಿಕೆ ತೋಟ ನೋಡಿಕೊಂಡಿದ್ದೇನೆ. ಆದರೆ ಹಳೇ ಕೆಲಸ ಒಂದು ಇನ್ನೂ ಬಿಟ್ಟುಹೋಗಿಲ್ಲ. ಸುತ್ತಲಿನ ಮನೆಗಳಿಗೆ ಸರ್ಕಾರದಿಂದ ಕಾಗದ ಬಂದರೆ ಅದು ನಮ್ಮ ಮನೆ ಜಗುಲಿಗೆ ಬರುತ್ತದೆ. ನಾನು ಓದಿ, ಅದರಲ್ಲಿ ಏನಿದೆ ಎಂದು ಹೇಳುತ್ತೇನೆ.

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ಅಂಥ ಒಂದು ಕಾಗದ ಓದಿದೆ. ಅವತ್ತಿನಿಂದ ಈ ಪತ್ರ ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೆ.

ನಮ್ಮ ಊರಿನ ಮೇಲಿನ ಕೇರಿಯಲ್ಲಿ ಒಬ್ಬ ದೊಡ್ಡಮ್ಮ ಇದ್ದಾರೆ. ವಯಸ್ಸು ಎಂಬತ್ತರ ಹತ್ತಿರ. ಅವರ ಮನೆ, ಹಿತ್ತಲು, ಹಿಂದಿನ ಒಂದು ತುಂಡು ಗದ್ದೆ ಎಲ್ಲವೂ ದಾಖಲೆಯಲ್ಲಿ ಅರಣ್ಯ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿದ್ದರು. ಪಕ್ಕದ ಊರಿನಲ್ಲಿ ಯಾರಿಗೋ ಹಕ್ಕುಪತ್ರ ಸಿಕ್ಕಿತು ಎಂದು ಕೇಳಿ ಬಂದವರು, "ನಂದು ಮುಗಿದಿದೆ ಅಂತ ಕಾಗದ ಬಂದು ಮೂರು ವರ್ಷ ಆಯ್ತು. ಹಕ್ಕುಪತ್ರ ಯಾವಾಗ ಕೊಡ್ತಾರೆ ಅಂತ ಒಂದು ವಿಚಾರಿಸಿ ಹೇಳ್ತೀಯಾ ತಮ್ಮ?" ಎಂದರು. ಕಾಗದ ತರಿಸಿ ಎಂದೆ. ಮೊಮ್ಮಗಳು ಓಡಿಹೋಗಿ ತಂದಳು. ಅದನ್ನು ದೇವರ ಗೂಡಿನಲ್ಲಿ ಇಟ್ಟಿದ್ದರು. ಮೂಲೆಗೆ ಅರಿಶಿನ ಕುಂಕುಮ ಹಚ್ಚಿದ್ದರು.

ಕಾಗದದಲ್ಲಿ ಇದ್ದದ್ದು ಇಷ್ಟು: "ಉಲ್ಲೇಖಿತ ವಿಷಯಕ್ಕೆ ಸಂಬಂಧಿಸಿದಂತೆ ಸದರಿ ಅರ್ಜಿಯನ್ನು ನಿಯಮಾನುಸಾರ ಪರಿಶೀಲಿಸಲಾಗಿ, ಪರಿಗಣಿಸಲು ಅವಕಾಶ ಕಂಡುಬಾರದ ಪ್ರಯುಕ್ತ ವಿಲೇವಾರಿ ಮಾಡಿ ಕಡತವನ್ನು ಮುಕ್ತಾಯಗೊಳಿಸಲಾಗಿದೆ."

ಇದು ಬಂದ ದಿನ ಓದಿದ್ದು ಆ ಮೊಮ್ಮಗಳೇ. ಆಗ ಅವಳು ಐದನೇ ಕ್ಲಾಸು. ಇಡೀ ವಾಕ್ಯದಲ್ಲಿ ಅವಳಿಗೆ ಗೊತ್ತಿದ್ದ ಪದ ಒಂದೇ, ಮುಕ್ತಾಯ. ಶಾಲೆಯ ಕಾರ್ಯಕ್ರಮದಲ್ಲಿ ಕೇಳಿದ್ದಳು. "ಮುಕ್ತಾಯ ಅಂದ್ರೆ ಮುಗೀತು ಅಜ್ಜಿ" ಎಂದಳಂತೆ. ಅಜ್ಜಿ ದೇವರಿಗೆ ಕೈಮುಗಿದು ಕಾಗದವನ್ನು ಗೂಡಿನಲ್ಲಿಟ್ಟರು.

ಅರ್ಜಿ ವಜಾ ಆಗಿದೆ ಎಂದು ನಾನು ಹೇಳಬೇಕಾಯಿತು. ಸುತ್ತಿ ಬಳಸಿ ಹೇಳಲಿಲ್ಲ. ಅವರನ್ನು ಕೂರಿಸಿ, ನೀರು ಕೊಟ್ಟು, "ದೊಡ್ಡಮ್ಮ, ಇದರಲ್ಲಿ ಆಗಲ್ಲ ಅಂತ ಬರೆದಿದ್ದಾರೆ" ಎಂದೆ. ಅವರು ಅಳಲಿಲ್ಲ. ಕಾಗದವನ್ನು ತಿರುಗಿಸಿ ನೋಡಿದರು, ಹಿಂದೆ ಏನಾದರೂ ಬರೆದಿದೆಯಾ ಎಂಬ ಹಾಗೆ. ಆಮೇಲೆ, "ಅಲ್ಲ ಮಾರಾಯ, ಆಗಲ್ಲ ಅನ್ನೋದಾದ್ರೆ ಆಗಲ್ಲ ಅಂತ ಬರೆಯೋಕೆ ಅವರಿಗೆ ಏನು ಕಷ್ಟ ಆಗಿತ್ತು?" ಎಂದರು.

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಅದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಆ ಒಂದು ವಾಕ್ಯದಿಂದ ಏನು ಹೋಯಿತು ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾಯ್ದೆ 2006ರದ್ದು. ಬುಡಕಟ್ಟಿನವರಲ್ಲದ ಅರ್ಜಿದಾರರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡನ್ನು ನಂಬಿ ಬದುಕಿದ್ದಾರೆ ಎಂದು ತೋರಿಸಬೇಕು. ಅಷ್ಟು ಹಳೇ ಕಾಗದ ನಮ್ಮ ಹಳ್ಳಿಗಳಲ್ಲಿ ಯಾರ ಹತ್ತಿರ ಇರುತ್ತದೆ? ಅದು ಸರ್ಕಾರಕ್ಕೂ ಗೊತ್ತಿತ್ತು. ಅದಕ್ಕೇ ಊರಿನ ಹಿರಿಯರು ಹೇಳಿದ್ದನ್ನು ಬರಹದಲ್ಲಿ ಕೊಟ್ಟರೆ ಅದೂ ಒಂದು ಸಾಕ್ಷಿ ಎಂದು ನಿಯಮದಲ್ಲೇ ಇದೆ. ಅರ್ಜಿ ವಜಾ ಆದರೆ ಮೇಲ್ಮನವಿಗೆ 60 ದಿನ ಇದೆ. ತೀರ್ಮಾನವನ್ನು ಅರ್ಜಿದಾರರಿಗೆ ಖುದ್ದಾಗಿ ತಿಳಿಸಬೇಕು ಎಂದು 2012ರ ತಿದ್ದುಪಡಿ ಹೇಳುತ್ತದೆ.

ದೊಡ್ಡಮ್ಮನಿಗೆ ಆ ಕಾಗದ ಬಂದಾಗ ನಮ್ಮ ಊರಿನಲ್ಲಿ ತೊಂಬತ್ತು ದಾಟಿದ ಒಬ್ಬ ಅಜ್ಜ ಇದ್ದರು. ದೊಡ್ಡಮ್ಮನ ಮಾವ ಆ ಗದ್ದೆಗೆ ಅಗಳು ತೋಡಿದ್ದನ್ನು ಹುಡುಗನಾಗಿದ್ದಾಗ ಕಣ್ಣಾರೆ ಕಂಡವರು. ನೆನಪು ಚೆನ್ನಾಗಿತ್ತು. ಹೇಳಿಕೆ ಕೊಡಿ ಎಂದಿದ್ದರೆ ಅದೇ ದಿನ ಹೊರಡುತ್ತಿದ್ದರು. ಅವರು ಎರಡು ಮಳೆಗಾಲದ ಹಿಂದೆ ತೀರಿಕೊಂಡರು. ಸಾಕ್ಷಿ ಸಾಲದು, ಹಿರಿಯರ ಹೇಳಿಕೆ ತನ್ನಿ ಎಂದು ಆ ಕಾಗದದಲ್ಲಿ ಒಂದು ಸಾಲು ಇದ್ದಿದ್ದರೆ ಸಾಕಿತ್ತು.

ಅದು ಯಾವ ಕಚೇರಿ ಎಂದು ಇಲ್ಲಿ ಬರೆಯುವುದಿಲ್ಲ. ಆ ಹಿಂಬರಹ, ಅಂದರೆ ಅರ್ಜಿಗೆ ಕಚೇರಿ ಕೊಡುವ ಉತ್ತರ, ಬರೆದವರು ಕೆಟ್ಟವರು ಅಂತಲೂ ನಾನು ಅಂದುಕೊಂಡಿಲ್ಲ. ಅವರ ಮೇಜಿನ ಮೇಲೆ ಅವತ್ತು ಅಂಥ ಎಷ್ಟೋ ಕಡತ ಇದ್ದಿರಬೇಕು. ಹಿಂದಿನವರು ಬರೆದಿಟ್ಟ ಮಾದರಿ ಕಂಪ್ಯೂಟರಿನಲ್ಲಿತ್ತು, ಹೆಸರು, ನಂಬರು, ತಾರೀಖು ಬದಲಾಯಿಸಿದರು. ಇದು ನನಗೆ ಗೊತ್ತು, ಯಾಕೆಂದರೆ ನಾನೂ ಎಷ್ಟೋ ವರ್ಷ ಹಾಗೇ ಬರೆದವನು.

ನಮ್ಮ ಸೊಸೈಟಿಯ ಬೆಳೆಸಾಲಕ್ಕೆ ಬಡ್ಡಿ ಇಲ್ಲ. ಆಗ ಮೂರು ಲಕ್ಷದವರೆಗಿನ ಸಾಲಕ್ಕೆ ಈ ಅನುಕೂಲ ಇತ್ತು, 2023ರ ಬಜೆಟ್ಟಿನಲ್ಲಿ ಐದು ಲಕ್ಷಕ್ಕೆ ಏರಿಸಿದರು. ಆದರೆ ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ ಈ ಅನುಕೂಲ. ತಪ್ಪಿದರೆ ಬಡ್ಡಿ ಬೀಳುತ್ತದೆ. ಇದನ್ನು ಸದಸ್ಯರಿಗೆ ತಿಳಿಸಲು ನಾನು ನೋಟೀಸಿನಲ್ಲಿ ಬರೆಯುತ್ತಿದ್ದದ್ದು: "ನಿಗದಿತ ವಾಯಿದೆಯೊಳಗೆ ಮರುಪಾವತಿಸದ ಸದಸ್ಯರು ಬಡ್ಡಿ ಸಹಾಯಧನಕ್ಕೆ ಅರ್ಹರಿರುವುದಿಲ್ಲ." ಒಬ್ಬ ಸದಸ್ಯರು ಇದನ್ನು ಓದಿ, ತನಗೆ ಸಹಾಯಧನವೇ ಇಲ್ಲ ಎಂದುಕೊಂಡರು. ಅರ್ಹರಿಲ್ಲ ಎಂಬುದಷ್ಟೇ ಅವರ ಕಣ್ಣಿಗೆ ಬಿದ್ದದ್ದು. ಹೇಗೂ ಬಡ್ಡಿ ಕಟ್ಟಲೇಬೇಕು, ಅವಸರ ಏನು ಎಂದು ಸುಮ್ಮನಾದರು. ಮಂಡಿಯಿಂದ ಅಡಿಕೆ ದುಡ್ಡು ಬಂದು ಮನೆಯಲ್ಲೇ ಇತ್ತು! ಹದಿನೇಳು ದಿನ ತಡವಾಗಿ ಬಂದು ಕಟ್ಟಿದರು. ಬಡ್ಡಿ ಲೆಕ್ಕ ಹಾಕಿ ರಸೀದಿ ಕೊಟ್ಟವನು ನಾನೇ. ಅವರಿಗೆ ವಿಷಯ ಗೊತ್ತಾದಾಗ ಜಗಳ ಆಡಲಿಲ್ಲ. "ಮೊದಲೇ ಹೇಳಬಾರದಿತ್ತಾ ಕಾರ್ಯದರ್ಶಿಗಳೇ" ಎಂದರು. ಹೇಳಿದ್ದೆನಲ್ಲ, ನೋಟೀಸು ಕಳಿಸಿದ್ದೆನಲ್ಲ ಎಂದು ಬಾಯಿಗೆ ಬಂತು. ಹೇಳಲಿಲ್ಲ. ಅವತ್ತು ರಾತ್ರಿ ಮನೆಗೆ ಬಂದು ಆ ನೋಟೀಸನ್ನು ನಮ್ಮ ಮನೆಯವಳಿಗೆ ಓದಿ ಹೇಳಿದೆ. ಅವಳಿಗೂ ಹಾಗೇ ಅರ್ಥವಾಯಿತು.

ಮುಂದಿನ ಸಲದಿಂದ ಹೀಗೆ ಬರೆದೆ: "ನಿಮ್ಮ ಸಾಲ ಕಟ್ಟಲು ಕೊನೇ ದಿನ ಫೆಬ್ರುವರಿ 12. ಅವತ್ತಿನೊಳಗೆ ಕಟ್ಟಿದರೆ ಅಸಲು ಮಾತ್ರ. 13ಕ್ಕೆ ಬಂದರೆ ಬಡ್ಡಿಯೂ ಸೇರುತ್ತದೆ." ಒಬ್ಬ ನಿರ್ದೇಶಕರು, "ಇದು ನೋಟೀಸಿನ ಹಾಗೇ ಇಲ್ಲವಲ್ಲ, ಮಾತಾಡಿದ ಹಾಗಿದೆ" ಎಂದರು. ಹೌದು, ಮಾತಾಡಿದ ಹಾಗೇ ಇತ್ತು. ಓದಿದವರು ಸೀದಾ ಕೌಂಟರಿಗೆ ಬಂದು ದುಡ್ಡು ಕಟ್ಟಿ ಹೋದರು.

ಈಗ ಒಂದು ಪ್ರತ್ಯಯದ ಬಗ್ಗೆ ಹೇಳಬೇಕು. ‘ಲಾಗಿದೆ’. ಪರಿಶೀಲಿಸಲಾಗಿದೆ, ತಿರಸ್ಕರಿಸಲಾಗಿದೆ, ಸೂಚಿಸಲಾಗಿದೆ, ಮುಕ್ತಾಯಗೊಳಿಸಲಾಗಿದೆ. ಮನೆಯಲ್ಲಿ ಯಾರೂ ‘ಅನ್ನ ಮಾಡಲಾಗಿದೆ, ಊಟಕ್ಕೆ ಬರತಕ್ಕದ್ದು’ ಎನ್ನುವುದಿಲ್ಲ. ಅನ್ನ ಆಯ್ತು, ಬನ್ನಿ ಎನ್ನುತ್ತೇವೆ. ನಾವು ಆಡುವ ಕನ್ನಡದಲ್ಲಿ, ಕೆಲಸ ಮಾಡಿದವರು ಯಾರು ಎಂಬುದು ವಾಕ್ಯದಲ್ಲೇ ಇರುತ್ತದೆ. ನಾನು ನೋಡಿದೆ, ಅವರು ಬೇಡ ಎಂದರು, ಸಮಿತಿ ಒಪ್ಪಲಿಲ್ಲ. ‘ಲಾಗಿದೆ’ ಬಂದ ಕೂಡಲೇ ಆ ಮನುಷ್ಯ ಮಾಯವಾಗುತ್ತಾನೆ. ಯಾರು ಪರಿಶೀಲಿಸಿದರು? ಯಾವತ್ತು? ಸ್ಥಳಕ್ಕೆ ಬಂದಿದ್ದರಾ? ಕಾಗದ ಹಿಡಿದವನಿಗೆ ಕೇಳಲು ಒಂದು ಮುಖ ಇರುವುದಿಲ್ಲ. ಸಹಿ ಇರುತ್ತದೆ, ಅದರ ಕೆಳಗೆ ಹುದ್ದೆಯ ಮೊಹರು ಇರುತ್ತದೆ. ಎಷ್ಟೋ ಸಲ ಹೆಸರು ಇರುವುದಿಲ್ಲ, ಫೋನ್ ನಂಬರೂ ಇರುವುದಿಲ್ಲ. ಘಟ್ಟದ ಬುಡದ ಊರಿನವನು ಬೆಳಿಗ್ಗೆ ಏಳರ ಬಸ್ಸು ಹಿಡಿದು ತಾಲ್ಲೂಕಿಗೆ ಹೋಗಿ, ಕಾಗದ ಹಿಡಿದು ಟೇಬಲ್ಲಿನಿಂದ ಟೇಬಲ್ಲಿಗೆ ಅಲೆದು, ‘ಇವತ್ತು ಆ ಸೆಕ್ಷನ್ನಿನವರು ರಜೆ’ ಎಂದು ಕೇಳಿ ಸಂಜೆ ಬಸ್ಸಿಗೆ ವಾಪಸ್ ಬರುತ್ತಾನೆ. ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು. ಹತ್ತು ಅಂಕಿಯ ಒಂದು ನಂಬರು ಕಾಗದದಲ್ಲಿ ಇದ್ದಿದ್ದರೆ ಅವನು ಹೊರಡುವ ಮೊದಲು ಕೇಳುತ್ತಿದ್ದ.

ಗೊತ್ತಿಲ್ಲದೆ ಅಸ್ಪಷ್ಟವಾಗಿ ಬರೆಯುವುದು ಒಂದು. ಬೇಕೆಂದೇ ಹಾಗೆ ಬರೆಯುವುದು ಇನ್ನೊಂದು. ಎರಡನೆಯದನ್ನೂ ನಾನು ಮಾಡಿದ್ದೇನೆ, ಅದನ್ನು ಹೇಳದೆ ಈ ಪತ್ರ ಮುಗಿಸಿದರೆ ಸರಿ ಆಗುವುದಿಲ್ಲ. ಒಂದು ವರ್ಷ ಸೊಸೈಟಿಯ ಜಾಗವನ್ನು ಬಾಡಿಗೆಗೆ ಕೊಡುವ ವಿಷಯ ವಾರ್ಷಿಕ ಸಭೆಗೆ ಬರಬೇಕಿತ್ತು. ಸದಸ್ಯರಿಗೆ ಮೊದಲೇ ಗೊತ್ತಾದರೆ ಗಲಾಟೆ ಆಗುತ್ತದೆ, ಅದನ್ನು ಬೇರೆಯಾಗಿ ಹಾಕಬೇಡಿ ಎಂದು ಆಡಳಿತ ಮಂಡಳಿಯಿಂದ ಮಾತು ಬಂತು. ನಾನು ಹಾಕಲಿಲ್ಲ. ಸಭೆಯ ನೋಟೀಸಿನ ಕೊನೆಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರಬಹುದಾದ ಇತರ ವಿಷಯಗಳು’ ಎಂದು ಇರುತ್ತದಲ್ಲ, ಅದರೊಳಗೆ ಅಡಗಿಸಿಟ್ಟೆ. ಊಟ ಮುಗಿಸಿ ಮುಕ್ಕಾಲು ಜನ ಹೊರಟ ಮೇಲೆ ಆ ವಿಷಯ ಬಂತು, ಐದು ನಿಮಿಷದಲ್ಲಿ ಪಾಸಾಯಿತು. ಬಾಡಿಗೆ ನ್ಯಾಯವಾದದ್ದೇ ಇತ್ತು. ಯಾರೂ ಒಂದು ರೂಪಾಯಿ ತಿನ್ನಲಿಲ್ಲ. ಆದರೂ ಆಮೇಲೆ ಎಷ್ಟೋ ವರ್ಷ ನಾವು ಯಾವ ನೋಟೀಸು ಕಳಿಸಿದರೂ ಸದಸ್ಯರು ಅದರಲ್ಲಿ ಏನು ಮುಚ್ಚಿಟ್ಟಿದ್ದಾರೆ ಎಂದೇ ಹುಡುಕುತ್ತಿದ್ದರು. ಅವರು ಹಾಗೆ ಹುಡುಕಿದ್ದು ತಪ್ಪಲ್ಲ. ಮುಂದಿನ ವರ್ಷದಿಂದ ಪ್ರತಿ ವಿಷಯಕ್ಕೂ ಒಂದು ಸಾಲು ಬೇರೆಯಾಗಿ ಬರೆದೆ. ಸಭೆಗಳು ಸಂಜೆವರೆಗೆ ಎಳೆದವು, ಜೋರು ಮಾತು ಆಯಿತು. ಆದರೆ ಜನ ಕೊನೆವರೆಗೂ ಕೂತರು.

ನಂಬಿಕೆಯ ಮಾತು ಬಂತು, ಅದಕ್ಕೆ ಮಂಗನ ಕಾಯಿಲೆಯ ವಿಷಯವನ್ನೂ ಹೇಳುತ್ತೇನೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ರೋಗ ಇದು, ಉಣುಗು ಎಂಬ ಸಣ್ಣ ಹುಳ ಕಚ್ಚಿ ಬರುವ ಜ್ವರ. ಇಷ್ಟು ವರ್ಷ ಆದರೂ ಡಿಸೆಂಬರ್ ಬಂತು ಅಂದರೆ ನಮ್ಮ ಕಡೆ ಎದೆ ಡವಗುಟ್ಟುತ್ತದೆ. ಅರಳಗೋಡಿನಲ್ಲಿ 2018–19ರಲ್ಲಿ ಈ ಜ್ವರಕ್ಕೆ ಜನ ಸತ್ತದ್ದನ್ನು ಸಾಗರದ ಕಡೆಯವರು ಮರೆಯಲು ಸಾಧ್ಯವೇ ಇಲ್ಲ. ಇದಕ್ಕೆ ಇದ್ದ ಲಸಿಕೆಯನ್ನು, ಅದು ಬೇಕಾದಷ್ಟು ಕೆಲಸ ಮಾಡುತ್ತಿಲ್ಲ ಎಂದು 2022ರಲ್ಲಿ ನಿಲ್ಲಿಸಿದರು. ನಿಲ್ಲಿಸಿದ್ದು ಸರಿಯೇ ಇರಬಹುದು. ಆದರೆ ನಮ್ಮ ಊರಿಗೆ ಅದು ತಿಳಿದ ರೀತಿ ಸರಿ ಇರಲಿಲ್ಲ. ‘ಈ ವರ್ಷ ಇಂಜೆಕ್ಷನ್ ಇಲ್ವಾ’ ಎಂದು ಕೇಳಿದರೆ ಒಬ್ಬರು ‘ಸ್ಟಾಕ್ ಬಂದಿಲ್ಲ’ ಎಂದರು. ಜನ ಕಾದರು. ಮುಂದಿನ ತಿಂಗಳು ಬಂದರೂ ಬರಬಹುದು ಎಂದು ಕಾದರು. ಕೊನೆಗೆ ನಿಜ ಹೇಳಿದ್ದು ಒಬ್ಬ ಆಶಾ ಕಾರ್ಯಕರ್ತೆ. "ಅದು ಸರಿಯಾಗಿ ಕೆಲ್ಸ ಮಾಡ್ತಿಲ್ಲ ಅಂತ ನಿಲ್ಸಿದಾರೆ. ಹೊಸದು ಯಾವಾಗ ಬರುತ್ತೆ ಅಂತ ನಂಗೂ ಗೊತ್ತಿಲ್ಲ. ಈಗ ನಮ್ಮ ಕೈಲಿರೋದು ಉಣುಗು ಹತ್ತದ ಹಾಗೆ ಹಚ್ಕೊಳ್ಳೋ ಎಣ್ಣೆ. ಕಾಡಲ್ಲಿ ದರಗೆಲೆ ಗುಡಿಸೋಕೆ ಹೋಗೋ ಮುಂಚೆ ಕೈಕಾಲಿಗೆ ಹಚ್ಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಉಣುಗು ಹತ್ತಿದ್ಯಾ ನೋಡ್ಕೊಳ್ಳಿ. ಮಂಗ ಸತ್ತಿದ್ದು ಕಂಡ್ರೆ ಮುಟ್ಟಬೇಡಿ, ನಂಗೆ ಫೋನ್ ಮಾಡಿ." ಇಷ್ಟೇ ಹೇಳಿದರು. ಗೊತ್ತಿರುವುದು ಯಾವುದು, ಗೊತ್ತಿಲ್ಲದ್ದು ಯಾವುದು, ಇವತ್ತು ಏನು ಮಾಡಬೇಕು, ಯಾರಿಗೆ ಹೇಳಬೇಕು ಎಲ್ಲ ಅದರಲ್ಲಿ ಇತ್ತು. ಈಗಲೂ ಜ್ವರ ಬಂದರೆ ಜನ ಮೊದಲು ಫೋನ್ ಮಾಡುವುದು ಅವರಿಗೆ. ನಿಮ್ಮ ತರಬೇತಿಗಳಿಗೆ ಶಿವಮೊಗ್ಗದಿಂದಲೋ ಬೆಂಗಳೂರಿನಿಂದಲೋ ದೊಡ್ಡವರನ್ನು ಕರೆಸುತ್ತೀರಿ. ಒಂದು ಸಲ ಇಂಥವರನ್ನು ಕರೆದು ಮುಂದೆ ನಿಲ್ಲಿಸಿ, ಅವರು ಹೇಗೆ ಹೇಳುತ್ತಾರೆ ಎಂದು ಕೇಳಿಸಿಕೊಳ್ಳಿ ಎಂದು ನನ್ನ ಆಸೆ.

ಸ್ಪಷ್ಟವಾಗಿ ಬರೆದರೆ ನಾಳೆ ಕೋರ್ಟಿನಲ್ಲಿ ನಿಲ್ಲಬೇಕಲ್ಲ, ಆಡಿಟ್‌ನವರು ಕೇಳುತ್ತಾರಲ್ಲ ಎಂದು ನೀವು ಹೇಳಬಹುದು. ಈ ಭಯ ಸುಳ್ಳಲ್ಲ. ನನಗೂ ಇತ್ತು. ಆದರೆ ಕಾನೂನು ಯಾವ ಕಡೆ ಇದೆ ನೋಡಿ. ಆಡಳಿತದ ತೀರ್ಮಾನಗಳಿಗೆ ಕಾರಣವನ್ನು ಅದರಿಂದ ಬಾಧೆಗೆ ಒಳಗಾದವರಿಗೆ ಕೊಡಬೇಕು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನಲ್ಲೇ ಇದೆ. ಮಾಹಿತಿ ಕೇಳಿದ ಅರ್ಜಿಯನ್ನು ನಿರಾಕರಿಸಿದರೆ ಯಾಕೆ ನಿರಾಕರಿಸಿದ್ದು, ಎಷ್ಟು ದಿನದೊಳಗೆ ಮೇಲ್ಮನವಿ ಹಾಕಬೇಕು, ಯಾರಿಗೆ ಹಾಕಬೇಕು, ಈ ಮೂರನ್ನೂ ತಿಳಿಸಲೇಬೇಕು ಎಂದು 7ನೇ ಕಲಮು ಹೇಳುತ್ತದೆ. ಕನ್ನಡ ಆಡಳಿತ ಭಾಷೆ ಎಂದು 1963ರಲ್ಲೇ ಕಾನೂನು ಆಗಿದೆ. ‘ಪ್ರಯುಕ್ತ’, ‘ಸದರಿ’, ‘ತತ್ಸಂಬಂಧ’ ಎಂದೇ ಬರೆಯಬೇಕು ಎಂದು ಯಾವ ಕಾನೂನಿನಲ್ಲೂ ಇಲ್ಲ. ಕಲಮು, ಆದೇಶದ ಸಂಖ್ಯೆ ಎಲ್ಲ ಬೇಕು, ಒಪ್ಪುತ್ತೇನೆ. ಅವನ್ನು ಕೆಳಗೆ ಬರೆಯಿರಿ. ಮೇಲಿನ ನಾಲ್ಕು ಸಾಲು ಕಾಗದ ಯಾರಿಗೆ ಹೋಗುತ್ತದೋ ಅವರಿಗಾಗಿ ಇರಲಿ.

ದೊಡ್ಡಮ್ಮನಿಗೆ ಆ ಕಾಗದ ಹೀಗೆ ಬರಬಹುದಿತ್ತು:

"ನಿಮ್ಮ ಅರ್ಜಿಯನ್ನು ಸಮಿತಿ ಒಪ್ಪಿಲ್ಲ. ನಿಮ್ಮ ಕುಟುಂಬ 2005ಕ್ಕೂ 75 ವರ್ಷ ಹಿಂದಿನಿಂದ ಇಲ್ಲಿದೆ ಎನ್ನಲು ನೀವು ಕೊಟ್ಟ ಸಾಕ್ಷಿ ಸಾಲದು ಎಂಬುದು ಕಾರಣ. ಊರಿನ ಹಿರಿಯರ ಹೇಳಿಕೆಯನ್ನು ಬರೆಸಿ ಸಾಕ್ಷಿಯಾಗಿ ಕೊಡಬಹುದು. ಈ ತೀರ್ಮಾನ ಸರಿ ಇಲ್ಲ ಅನ್ನಿಸಿದರೆ ಇವತ್ತಿನಿಂದ 60 ದಿನದೊಳಗೆ, ಅಂದರೆ ಈ ತಾರೀಖಿನೊಳಗೆ, ಈ ಕಚೇರಿಗೆ ಮೇಲ್ಮನವಿ ಕೊಡಿ. ಏನಾದರೂ ಕೇಳುವುದಿದ್ದರೆ ಈ ಹೆಸರಿನವರಿಗೆ ಈ ನಂಬರಿಗೆ ಫೋನ್ ಮಾಡಿ."

ಐದು ವಾಕ್ಯ. ಐದನೇ ಕ್ಲಾಸಿನ ಹುಡುಗಿ ಓದಿ ಅಜ್ಜಿಗೆ ಹೇಳುತ್ತಿದ್ದಳು.

ಅಡಿಕೆ ತೋಟದ ಒಂದು ಮಾತು ಹೇಳುತ್ತೇನೆ. ಕೊಳೆ ರೋಗಕ್ಕೆ ನಾವು ಬೋರ್ಡೋ ಹೊಡೆಯುತ್ತೇವೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಸೊಸೈಟಿಯಲ್ಲಿ ಮೈಲುತುತ್ತ ಒಯ್ಯಲು ಬಂದ ಹುಡುಗರಿಗೆ ಮರ ಹತ್ತಿ ಅಡಿಕೆ ಕೊನೆ ಇಳಿಸುವ ನಮ್ಮ ಹಳೇ ಕೊನೆಗಾರ ಒಬ್ಬರು ಹೇಳಿಕೊಡುತ್ತಿದ್ದರು: "ಎರಡನ್ನೂ ಬೇರೆ ಬೇರೆ ಕರಗ್ಸು. ತುತ್ತದ ನೀರನ್ನ ಸುಣ್ಣದ ನೀರಿಗೆ ಹೊಯ್ಯಿ, ತಿರುಗಾಮುರುಗಾ ಮಾಡ್ಬೇಡ. ಆಮೇಲೆ ಕತ್ತಿ ಅದ್ದಿ ನೋಡು. ಕೆಂಪಾದ್ರೆ ಸುಣ್ಣ ಸಾಲದು." ಹೊಡೆಯುವ ಮೊದಲು ಕತ್ತಿ ಅದ್ದಿ ನೋಡದವರು ನಮ್ಮಲ್ಲಿ ಇಲ್ಲ. ಸುಣ್ಣ ಕಡಿಮೆಯಾದ ಔಷಧಿ ಎಳೇ ಕಾಯನ್ನು ಸುಡುತ್ತದೆ. ಕಾಗದ ಕಳಿಸುವ ಮೊದಲು ನಿಮ್ಮಲ್ಲಿ ಅಂಥ ಪರೀಕ್ಷೆ ಯಾವುದು? ಮೇಲಧಿಕಾರಿ ಸಹಿ ಹಾಕುತ್ತಾರೆ, ಸರಿ. ಅವರಿಗೆ ಆ ಭಾಷೆ ಗೊತ್ತು. ಕಚೇರಿ ಹೊರಗೆ ಬೆಂಚಿನ ಮೇಲೆ ಕೂತಿರುವ ಒಬ್ಬರಿಗೆ ಓದಿ ಹೇಳಿ, ‘ಏನು ಅರ್ಥ ಆಯ್ತು?’ ಎಂದು ಕೇಳಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಮೆಸೇಜಿನ ವಿಷಯವನ್ನೂ ಸೇರಿಸುತ್ತೇನೆ. ನಮ್ಮ ಊರಿನಲ್ಲಿ ನೆಟ್‌ವರ್ಕ್ ಸಿಗುವುದು ರಸ್ತೆ ತಿರುವಿನ ಹತ್ತಿರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲೂ ಭರವಸೆ ಇಲ್ಲ, ಕರೆಂಟು ಹೋದರೆ ಟವರೂ ಹೋಯಿತು. ‘ನಾಳೆ ಹನ್ನೊಂದಕ್ಕೆ ಸ್ಥಳ ಪರಿಶೀಲನೆ’ ಎಂದು ರಾತ್ರಿ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ನಮಗೆ ಅದು ಮೂರು ದಿನದ ನಂತರ ಸಿಗುತ್ತದೆ. ಅಷ್ಟರಲ್ಲಿ ‘ಅರ್ಜಿದಾರರು ಗೈರುಹಾಜರು’ ಎಂದು ಮಹಜರಿನಲ್ಲಿ ಬರೆದು ಆಗಿರುತ್ತದೆ. ಮೆಸೇಜು ಕಳಿಸಿದ ಮಾತ್ರಕ್ಕೆ ಅದು ತಲುಪಿತು ಎಂದು ದಯವಿಟ್ಟು ಬರೆಯಬೇಡಿ.

ಮಾನ್ಯ ಜಿಲ್ಲಾಧಿಕಾರಿಗಳೇ, ನಾನು ಕೇಳುತ್ತಿರುವುದಕ್ಕೆ ಹೆಚ್ಚು ದುಡ್ಡು ಬೇಕಾಗಿಲ್ಲ. ನಿಮ್ಮ ಕಚೇರಿಗಳಿಂದ ಜನರಿಗೆ ಅತಿ ಹೆಚ್ಚು ಹೋಗುವ ಹಿಂಬರಹಗಳು ಯಾವುವು ಎಂದು ತರಿಸಿಕೊಳ್ಳಿ. ಪಹಣಿ ತಿದ್ದುಪಡಿ, ಬಗರ್‌ಹುಕುಂ, ಪಿಂಚಣಿ, ಅರಣ್ಯ ಹಕ್ಕು, ಇಂಥವೇ ಇರುತ್ತವೆ. ಅವನ್ನು ಬರೆಯುವ ವಿಷಯ ನಿರ್ವಾಹಕರನ್ನೂ, ಅವನ್ನು ಹಂಚುವ ಪೋಸ್ಟ್‌ಮ್ಯಾನ್‌ಗಳನ್ನೂ, ಓದಿ ಹೇಳುವ ನಮ್ಮಂಥವರನ್ನೂ ಒಂದು ದಿನ ಒಟ್ಟಿಗೆ ಕೂರಿಸಿ. ಮಾದರಿಗಳನ್ನು ಹೊಸದಾಗಿ ಬರೆಯೋಣ. ಹಳೇ ಮಾದರಿ ಕಂಪ್ಯೂಟರಿನಲ್ಲಿ ಇರುವವರೆಗೆ ಯಾವ ಸುತ್ತೋಲೆಯೂ ಕೆಲಸ ಮಾಡುವುದಿಲ್ಲ, ಅದು ನನ್ನ ಅನುಭವ. ಮಾದರಿ ಬದಲಾದರೆ ಮಾತ್ರ ಪತ್ರ ಬದಲಾಗುತ್ತದೆ. ನೀವು ಕರೆದರೆ ನಾನು ನನ್ನ ಬಸ್ ಚಾರ್ಜಿನಲ್ಲೇ ಬರುತ್ತೇನೆ.

ನೌಕರ ಬಂಧುಗಳೇ, ನಿಮ್ಮ ಹೆಸರನ್ನು ಕಾಗದದ ಮೇಲೆ ಬರೆಯಲು ಹೆದರಬೇಡಿ. ಜನ ಬೈಯಲು ಫೋನ್ ಮಾಡುವುದು ಕಡಿಮೆ. ನಾನು ನೋಟೀಸಿನ ಕೆಳಗೆ ನನ್ನ ನಂಬರು ಹಾಕಲು ಶುರು ಮಾಡಿದ ಮೇಲೆ ಬಂದ ಫೋನುಗಳಲ್ಲಿ ಜಾಸ್ತಿ ‘ಇವತ್ತು ಸೊಸೈಟಿ ತೆಗೆದಿರುತ್ತಾ’ ಎಂದು ಕೇಳಲು ಬಂದವು.

ದೊಡ್ಡಮ್ಮನ ವಿಷಯ ಇನ್ನೂ ಬಾಕಿ ಇದೆ. ಅವರ ಅರ್ಜಿಯನ್ನು ಮತ್ತೆ ಪರಿಶೀಲಿಸಿ ಎಂದು ಕೇಳಿ, ಇದ್ದಬದ್ದ ದಾಖಲೆ ಎಲ್ಲ ಸೇರಿಸಿ ಮನವಿ ಕೊಟ್ಟು ಬಂದಿದ್ದೇವೆ. ಸ್ವೀಕೃತಿ ಸಿಕ್ಕಿದೆ. ಹಳೇ ಕಾಗದವನ್ನು ಅವರು ದೇವರ ಗೂಡಿನಿಂದ ತೆಗೆದು ಟ್ರಂಕಿಗೆ ಹಾಕಿದರು. ಹೊಸ ಕಾಗದ ಬರಬೇಕು. ಮೊಮ್ಮಗಳು ಈಗ ಎಂಟನೇ ಕ್ಲಾಸು, ಅವಳೇ ಓದುತ್ತಾಳೆ. ಆಗುತ್ತದೆ ಎಂದಿರಲಿ, ಆಗುವುದಿಲ್ಲ ಎಂದಿರಲಿ, ಅವಳು ಒಂದು ಸಲ ಓದಿದ ಕೂಡಲೇ ಅಜ್ಜಿಗೆ ತಿಳಿಯುವ ಹಾಗೆ ಬರೆದು ಕಳಿಸಿ.

ಇತಿ,
ಒಂದು ಕಾಲದಲ್ಲಿ ನಿಮ್ಮ ಹಾಗೇ ನೋಟೀಸು ಬರೆಯುತ್ತಿದ್ದ
ಸೊಸೈಟಿಯ ನಿವೃತ್ತ ಕಾರ್ಯದರ್ಶಿ